ಒಂದೇ ಮನೆ, ಒಂದೇ ಕುರ್ಚಿ, ಎಂಟು ಗಂಟೆಗೆ ಅಲ್ಲಿರಬೇಕು

ಪ್ರಶ್ನೆ: ನಾನು ತಿಪಟೂರಿನವನು. ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ರೂಮಿನಲ್ಲಿ ನಾಲ್ಕು ಜನ ಸೇರಿ ಅಮೆರಿಕದ ಹಾಸ್ಯ ಧಾರಾವಾಹಿ ‘ಫ್ರೆಂಡ್ಸ್’ ನೋಡುತ್ತೇವೆ. ಮೂರನೇ ಸೀಸನ್‌ನಲ್ಲಿ ಎಲ್ಲರೂ ಒಂದೇ ಮನೆಯಲ್ಲಿ ರೆಡಿಯಾಗುತ್ತಾ ಜಗಳವಾಡುವ ಕಂತು ನಮಗೆ ತುಂಬಾ ಇಷ್ಟ. ದುಡ್ಡು ಉಳಿಸೋಕೆ ಅದನ್ನು ಒಂದೇ ಮನೆಯಲ್ಲಿ ತೆಗೆದರು ಅಂತಾರೆ, ನಿಜವೇ? ಜೋಯಿ ಪಾತ್ರದವರಿಗೆ ಆವತ್ತು ನಿಜವಾಗಿ ಪೆಟ್ಟಾಯಿತೇ? ಹಿಂದೆ ಕೇಳುವ ನಗು ಮೊದಲೇ ರೆಕಾರ್ಡ್ ಮಾಡಿಟ್ಟದ್ದೇ? ಆ ಮನೆಯ ಬಾಗಿಲ ಮೇಲೆ ಹಳದಿ ಚೌಕಟ್ಟು ಯಾಕಿದೆ? ಕಾಲೇಜಿನ ವಾರ್ಷಿಕೋತ್ಸವಕ್ಕೆ ಇದೇ ಥರ ಒಂದು ಕೋಣೆಯ ಹಾಸ್ಯ ನಾಟಕ ಮಾಡುವ ಆಸೆ ಇದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಪೆಟ್ಟಿನ ವಿಷಯದಿಂದಲೇ ಶುರು ಮಾಡುತ್ತೇನೆ. ನೀವು ನಾಟಕ ಮಾಡುವವರು, ಅದು ನಿಮಗೆ ಮೊದಲು ಗೊತ್ತಿರಬೇಕು.

ಹೌದು, ನಿಜವಾಗಿಯೇ ಪೆಟ್ಟಾಯಿತು. ಆ ಕಂತಿನ ಹೆಸರು ‘ದಿ ಒನ್ ವೇರ್ ನೋ ಒನ್ಸ್ ರೆಡಿ’. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1996ರ ಸೆಪ್ಟೆಂಬರ್ 26ರಂದು ಪ್ರಸಾರವಾಯಿತು. ಅದರಲ್ಲಿ ಜೋಯಿ ಮತ್ತು ಚಾಂಡ್ಲರ್ ಒಂದು ಕುರ್ಚಿಗಾಗಿ ಜಗಳವಾಡುತ್ತಾರೆ. ಚಾಂಡ್ಲರ್ ಬಾತ್‌ರೂಮಿಗೆ ಎದ್ದು ಹೋಗುತ್ತಾನೆ, ಅಷ್ಟರಲ್ಲಿ ಜೋಯಿ ಅಲ್ಲಿ ಕೂತುಬಿಡುತ್ತಾನೆ. ಮುಂದೆ ಒಂದು ಕಡೆ ಇಬ್ಬರೂ ಆ ಕುರ್ಚಿಗೆ ಒಟ್ಟಿಗೆ ನುಗ್ಗಬೇಕು. ಜೋಯಿ ಪಾತ್ರದ ಮ್ಯಾಟ್ ಲೆಬ್ಲಾಂಕ್ ಮುಂದಿದ್ದ ಕಾಫಿ ಟೇಬಲ್ ಹಾರಿ ಕುರ್ಚಿಗೆ ಬೀಳಬೇಕಿತ್ತು. ಮೊದಲ ಟೇಕ್‌ಗಳಲ್ಲಿ ಸರಿಯಾಗಿಯೇ ಹಾರಿದರು. ಆಮೇಲಿನ ಟೇಕ್‌ನಲ್ಲಿ ಕಾಲು ತಪ್ಪಿತು. ಭುಜದ ಕೀಲು ಜಾರಿತು. ಪ್ರೇಕ್ಷಕರು ಎದುರಿಗೇ ಕೂತಿದ್ದರು. ಶೂಟಿಂಗ್ ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಉಳಿದದ್ದನ್ನು ಆಮೇಲೆ ತೆಗೆದು ಕಂತು ಮುಗಿಸಿದರು.

2021ರಲ್ಲಿ ಆರು ಜನ ನಟರು ಮತ್ತೆ ಸೇರಿದ ಕಾರ್ಯಕ್ರಮದಲ್ಲಿ ಆ ಬೀಳುವ ದೃಶ್ಯವನ್ನೇ ತೋರಿಸಿದರು. ಅಲ್ಲಿ ಲೆಬ್ಲಾಂಕ್ ಹೇಳಿದ ಒಂದು ಮಾತು ನನಗೆ ತುಂಬಾ ಮುಖ್ಯ ಅನಿಸಿತು. ಪ್ರತಿ ಸಲ ಶೂಟಿಂಗ್‌ಗೆ ಮೊದಲು ಆರು ಜನ ತೆರೆಯ ಹಿಂದೆ ಹೆಗಲಿಗೆ ಹೆಗಲು ಕೊಟ್ಟು ಗುಂಪಾಗಿ ನಿಲ್ಲುತ್ತಿದ್ದರಂತೆ. ಒಬ್ಬರಿಗೊಬ್ಬರು ಒಳ್ಳೆಯದಾಗಲಿ ಅಂದುಕೊಂಡು ಸೆಟ್‌ಗೆ ಇಳಿಯುತ್ತಿದ್ದರು. ಆವತ್ತು ಮಾತ್ರ ಹಾಗೆ ನಿಂತಿರಲಿಲ್ಲ. ಅದಾದ ಮೇಲೆ ಒಂದು ಸಲವೂ ತಪ್ಪಿಸಲಿಲ್ಲವಂತೆ.

ನಮ್ಮ ಕಡೆಯ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಊರ ಕಡೆ ಕುರುಕ್ಷೇತ್ರ ಆಡುವಾಗ ಬಣ್ಣ ಹಚ್ಚಿದವರೆಲ್ಲ ಪರದೆ ಹಿಂದೆ ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಕಾಲು ಮುಟ್ಟುತ್ತಾರೆ. ಮಂಗಳಾರತಿ ಆಗುತ್ತದೆ. ಆಮೇಲೇ ಪರದೆ ಏಳೋದು. ದೇವರ ಮಾತು ಒಂದು ಕಡೆ ಇರಲಿ. ಆ ಒಂದು ನಿಮಿಷದಲ್ಲಿ ಎಲ್ಲರ ಉಸಿರು ಒಂದು ಹದಕ್ಕೆ ಬರುತ್ತದೆ. ಯಾರಿಗೆ ಹುಷಾರಿಲ್ಲ, ಯಾರಿಗೆ ಭಯ ಜಾಸ್ತಿ ಇದೆ ಅಂತ ಪಕ್ಕದವರಿಗೆ ಗೊತ್ತಾಗುತ್ತದೆ. ಮೈ ದಂಡಿಸಿ ಆಡುವ ಹಾಸ್ಯಕ್ಕೆ ಈ ಹೊಂದಾಣಿಕೆ ಬೇಕೇ ಬೇಕು.

ಪೆಟ್ಟು ಬಿದ್ದ ಮೇಲೆ ಬರಹಗಾರರಿಗೆ ಹೊಸ ತೊಂದರೆ ಶುರುವಾಯಿತು. ಕೈಗೆ ಪಟ್ಟಿ ಕಟ್ಟಿಕೊಂಡಿರುವ ನಟನನ್ನು ಮುಂದಿನ ಕಂತಿನಲ್ಲಿ ಹೇಗೆ ತೋರಿಸೋದು? ಮುಚ್ಚಿಡೋಕೆ ಹೋಗಲಿಲ್ಲ, ಕಥೆಗೇ ಸೇರಿಸಿಕೊಂಡರು. ಅಕ್ಟೋಬರ್ 3ರಂದು ಬಂದ ಜಾಮ್ ಮಾಡುವ ಕಂತಿನಲ್ಲಿ ಜೋಯಿಯ ಕೈಗೆ ಪಟ್ಟಿ ಇರುತ್ತದೆ. ಮಂಚದ ಮೇಲೆ ಕುಣಿಯುತ್ತಿದ್ದಾಗ ಬಿದ್ದೆ ಅನ್ನುವುದು ಅವನು ಕೊಡುವ ಕಾರಣ. ಮಕ್ಕಳ ಹಾಗೆ ಮಂಚದ ಮೇಲೆ ಹಾರೋದು ಜೋಯಿಯ ಸ್ವಭಾವಕ್ಕೆ ಸರಿಯಾಗಿ ಒಪ್ಪುತ್ತದೆ. ಆ ಕಂತು ಮತ್ತೆ ನೋಡಿದಾಗ ಗಮನಿಸಿ, ಆ ಪಟ್ಟಿ ನಿಜವಾದ ಪಟ್ಟಿ.

ಈಗ ದುಡ್ಡಿನ ವಿಷಯ. ನೀವು ಕೇಳಿದ್ದು ಸರಿ. ಖರ್ಚು ಹಿಡಿತದಲ್ಲಿಡಬೇಕು ಅನ್ನುವ ಉದ್ದೇಶದಿಂದಲೇ ಹಾಗೆ ಮಾಡಿದರು. ಒಂದು ಸೀಸನ್‌ಗೆ ಇಷ್ಟು ಅಂತ ದುಡ್ಡು ಇರುತ್ತದೆ. ಒಂದು ಕಂತಿಗೆ ದೊಡ್ಡ ಅತಿಥಿ ನಟರು, ಹೊಸ ಸೆಟ್ ಬಂದರೆ ಇನ್ನೊಂದು ಕಂತಿನಲ್ಲಿ ಅದನ್ನು ಸರಿದೂಗಿಸಬೇಕು. ಇರುವ ಸೆಟ್‌ನಲ್ಲೇ, ಇರುವ ನಟರನ್ನೇ ಇಟ್ಟುಕೊಂಡು ಒಂದು ಕಂತು ಮುಗಿಸಿದರೆ ಆ ಲೆಕ್ಕ ಹೊಂದುತ್ತದೆ. ಅಮೆರಿಕದ ಟಿವಿಯವರು ಇದಕ್ಕೆ ಬಾಟಲ್ ಎಪಿಸೋಡ್ ಅನ್ನುತ್ತಾರೆ. 1960ರ ದಶಕದಲ್ಲಿ ‘ದಿ ಔಟರ್ ಲಿಮಿಟ್ಸ್’ ಸರಣಿ ಮಾಡುತ್ತಿದ್ದ ಲೆಸ್ಲಿ ಸ್ಟೀವನ್ಸ್ ಆ ಮಾತು ತಂದರು ಅಂತ ಹೇಳುತ್ತಾರೆ. ಸೀಸೆಯಿಂದ ಭೂತ ಎದ್ದು ಬಂದ ಹಾಗೆ, ಏನೂ ಇಲ್ಲದ ಕಡೆಯಿಂದ ದಿಢೀರ್ ಅಂತ ಒಂದು ಕಂತು ತೆಗೆಯೋದು ಅಂತ ಅದರ ಅರ್ಥ. ‘ಫ್ರೆಂಡ್ಸ್’ ತಂಡಕ್ಕೆ ಈ ಪ್ರಯೋಗ ಎಷ್ಟು ಹಿಡಿಸಿತು ಅಂದರೆ, ಮುಂದಿನ ಸೀಸನ್‌ಗಳಲ್ಲೂ ಈ ಥರದ ಕಂತುಗಳನ್ನು ಬರೆದರು.

ಆದರೆ ಕಂತು ಚೆನ್ನಾಗಿ ಬಂದದ್ದು ಖರ್ಚು ಕಮ್ಮಿ ಮಾಡಿದರು ಅನ್ನೋದರಿಂದ ಅಲ್ಲ. ಅದೇ ಲೆಕ್ಕದಲ್ಲಿ ತೆಗೆದ ಎಷ್ಟೋ ಸಪ್ಪೆ ಕಂತುಗಳನ್ನು ನಾನು ನೋಡಿದ್ದೇನೆ. ಟಿವಿ ಧಾರಾವಾಹಿಗಳ ಎಡಿಟಿಂಗ್ ಟೇಬಲ್ ಮುಂದೆ ಹಲವು ವರ್ಷ ಕೂತವನು ನಾನು. ಈಗ ತುಮಕೂರಿನಲ್ಲಿ ಹುಡುಗ ಹುಡುಗಿಯರಿಗೆ ನಾಟಕ ಹೇಳಿಕೊಡುತ್ತೇನೆ. ಈ ಕಂತನ್ನು ಅವರಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಗಡಿಯಾರದ ಹತ್ತಿರ ಬಂದು ನಿಲ್ಲುತ್ತೇನೆ.

ಗಡಿಯಾರದ ಕೆಲಸ ಏನು ಅಂತ ನೋಡಿ. ರಾಸ್ ಕೆಲಸ ಮಾಡುವ ಮ್ಯೂಸಿಯಂನಲ್ಲಿ ಸಮಾರಂಭ ಇದೆ. ಎಂಟು ಗಂಟೆಗೆ ಶುರು. ಲೇಟ್ ಆಗುವ ಹಾಗಿಲ್ಲ. ಅವನು ಕೋಟು ಹಾಕಿಕೊಂಡು ರೆಡಿಯಾಗಿ ಬಂದಿದ್ದಾನೆ. ಉಳಿದವರು ಯಾರೂ ಎದ್ದೇ ಇಲ್ಲ. ಇಷ್ಟೇ ಕಥೆ. ಸಾಮಾನ್ಯ ಕಂತಿನಲ್ಲಿ ಒಂದು ದೃಶ್ಯ ಮುಗಿದರೆ ಮಾರನೇ ದಿನಕ್ಕೆ ಹಾರಬಹುದು, ಕಾಫಿ ಶಾಪಿಗೆ ಹೋಗಬಹುದು, ಆಫೀಸಿಗೆ ಹೋಗಬಹುದು. ಇಲ್ಲಿ ಹಾರೋಕೆ ಜಾಗವೇ ಇಲ್ಲ. ಕಥೆಯೊಳಗೆ ಒಂದು ನಿಮಿಷ ಆದರೆ ನೋಡುವವರಿಗೂ ಒಂದು ನಿಮಿಷ. ಜಾಹೀರಾತು ಬಿಟ್ಟರೆ ಕಂತು ಸುಮಾರು 22 ನಿಮಿಷ. ಆ ಅಷ್ಟೂ ಹೊತ್ತು ರಾಸ್ ಗಡಿಯಾರ ನೋಡುತ್ತಾನೆ, ಅವನ ಜೊತೆ ನಾವೂ ನೋಡುತ್ತೇವೆ.

ಮದುವೆ ಮನೆಗೆ ಹೊರಟ ನಮ್ಮ ಸಂಸಾರಗಳನ್ನು ನೆನೆಸಿಕೊಳ್ಳಿ. ಮುಹೂರ್ತ ಹತ್ತಿರ ಬಂದಿದೆ, ಕಾರು ಬಾಗಿಲಲ್ಲಿ ನಿಂತಿದೆ. ಅಪ್ಪ ಹೊರಗೆ ನಿಂತು ಕೂಗುತ್ತಿದ್ದಾರೆ. ಒಳಗೆ ಒಬ್ಬರಿಗೆ ಸೀರೆ ನೆರಿಗೆ ಕೂರುತ್ತಿಲ್ಲ, ಇನ್ನೊಬ್ಬರು ಇಸ್ತ್ರಿ ಪೆಟ್ಟಿಗೆ ಹುಡುಕುತ್ತಿದ್ದಾರೆ. ಅಜ್ಜಿ ಈಗ ತಾನೇ ಎಲೆ ಅಡಿಕೆ ಹಾಕಿಕೊಳ್ಳೋಕೆ ಕೂತಿದ್ದಾರೆ. ಯಾರೂ ತಮಾಷೆ ಮಾಡುತ್ತಿಲ್ಲ. ಎಲ್ಲರೂ ಅವರವರ ಕೆಲಸದಲ್ಲಿ ಶ್ರದ್ಧೆಯಿಂದ ಇದ್ದಾರೆ. ನಗು ಬರೋದು ಆ ಶ್ರದ್ಧೆಯಿಂದ.

ಬರೆದವರು ಐರಾ ಉಂಗರ್‌ಲೈಡರ್, ನಿರ್ದೇಶಿಸಿದವರು ಗೇಲ್ ಮಾನ್‌ಕೂಸೊ. ಆರು ಜನರಿಗೂ ಅವರು ಏನೇನು ಕೊಟ್ಟಿದ್ದಾರೆ ಅಂತ ಗಮನಿಸಿ. ಫೀಬಿ ಮೊದಲೇ ರೆಡಿಯಾಗಿ ಬಂದವಳು. ಕುರ್ಚಿ ಜಗಳದಲ್ಲಿ ಅವಳ ಬಟ್ಟೆಗೆ ಹಮ್ಮಸ್ ಬೀಳುತ್ತದೆ. ಅದು ಕಡಲೆಯಿಂದ ಮಾಡುವ ಒಂದು ಥರದ ಗಟ್ಟಿ ಚಟ್ನಿ. ಕಲೆ ಮುಚ್ಚೋಕೆ ಅವಳು ಕ್ರಿಸ್‌ಮಸ್‌ನ ದೊಡ್ಡ ರಿಬ್ಬನ್ ಹೂ ಅಂಟಿಸಿಕೊಳ್ಳುತ್ತಾಳೆ. ಮೋನಿಕಾಗೆ ಹಳೆಯ ಪ್ರಿಯಕರ ರಿಚರ್ಡ್ ಬಿಟ್ಟ ಸಂದೇಶ ಫೋನಿನ ಯಂತ್ರದಲ್ಲಿ ಕೇಳಿಸುತ್ತದೆ. ಅದು ಹೊಸದೋ ಹಳೆಯದೋ ಗೊತ್ತಿಲ್ಲ. ಅಲ್ಲಿಂದ ಅವಳಿಗೆ ಬೇರೇನೂ ಬೇಡ. ರಾಸ್‌ನ ಪ್ರೇಯಸಿ ರೇಚಲ್‌ಗೆ ಯಾವ ಬಟ್ಟೆ ಹಾಕಬೇಕು ಅನ್ನೋದು ತೀರ್ಮಾನ ಆಗುತ್ತಿಲ್ಲ. ಜೋಯಿ, ಚಾಂಡ್ಲರ್ ಇಬ್ಬರಿಗೆ ಕುರ್ಚಿ. ರಾಸ್‌ಗೆ ಗಡಿಯಾರ. ಹೀಗೆ ಒಬ್ಬೊಬ್ಬರ ಗಂಟು ಬೇರೆ ಬೇರೆ, ಹೊರಡುವ ಹೊತ್ತು ಮಾತ್ರ ಎಲ್ಲರಿಗೂ ಒಂದೇ.

ಈ ಗಂಟುಗಳು ಒಂದಕ್ಕೊಂದು ತಗಲುತ್ತಲೂ ಇರುತ್ತವೆ. ಕುರ್ಚಿಯ ಜಗಳ ಫೀಬಿಯ ಬಟ್ಟೆ ಕೆಡಿಸುತ್ತದೆ. ಎದ್ದು ಹೋಗುವ ಜೋಯಿ ಕುರ್ಚಿಯ ದಿಂಬುಗಳನ್ನೇ ಎತ್ತಿಕೊಂಡು ಹೋಗುತ್ತಾನೆ. ಚಾಂಡ್ಲರ್ ಸಿಟ್ಟಿಗೆ ಜೋಯಿಯ ಒಳಉಡುಪು ಬಚ್ಚಿಡುತ್ತಾನೆ. ಅದಕ್ಕೆ ಪ್ರತಿಯಾಗಿ ಜೋಯಿ ಚಾಂಡ್ಲರ್‌ನ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಸಣ್ಣ ಕುರ್ಚಿಯ ಜಗಳ ಮೂರು ಮೆಟ್ಟಿಲು ಹತ್ತಿ ಅಷ್ಟು ದೊಡ್ಡದಾಗಿ ಬೆಳೆದಿದೆ. ಮೊದಲ ನಿಮಿಷದಲ್ಲೇ ಅವನು ಹಾಗೆ ಬಂದಿದ್ದರೆ ಯಾರೂ ನಗುತ್ತಿರಲಿಲ್ಲ.

ನಡುವೆ ನಗು ನಿಲ್ಲುವ ಒಂದು ಜಾಗ ಇದೆ. ನನಗೆ ಇಡೀ ಕಂತಿನಲ್ಲಿ ಹೆಚ್ಚು ಇಷ್ಟವಾಗೋದು ಅದು. ರಾಸ್ ತಾಳ್ಮೆ ಕಳೆದುಕೊಂಡು ಎಲ್ಲರ ಮುಂದೆ ರೇಚಲ್ ಮೇಲೆ ಕೂಗಾಡಿಬಿಡುತ್ತಾನೆ. ಅವಳು ಸುಮ್ನೆ ಒಳಗೆ ಹೋಗಿ, ಮನೆಯಲ್ಲಿ ಹಾಕುವ ಬಟ್ಟೆ ಹಾಕಿಕೊಂಡು ಬಂದು, ನಾನು ಬರಲ್ಲ ಅನ್ನುತ್ತಾಳೆ. ಆಗ ಗಡಿಯಾರ ಇದ್ದಕ್ಕಿದ್ದ ಹಾಗೆ ಬೆಲೆ ಕಳೆದುಕೊಳ್ಳುತ್ತದೆ. ರಾಸ್‌ಗೆ ಎಂಟು ಗಂಟೆಗಿಂತ ಅವಳು ಮುಖ್ಯ. ಅದನ್ನು ತೋರಿಸೋಕೆ ಒಂದು ಲೋಟ ಕೊಬ್ಬು ಕುಡಿಯೋಕೂ ಅವನು ತಯಾರಾಗುತ್ತಾನೆ. ಲೋಟ ತುಟಿಗೆ ಬಂದಾಗ ಅವಳು ತಡೆಯುತ್ತಾಳೆ. ರಾಸ್ ಪಾತ್ರದ ಡೇವಿಡ್ ಶ್ವಿಮ್ಮರ್ ಅದನ್ನು ಎಷ್ಟು ನಿಜವಾಗಿ ಆಡಿದ್ದಾರೆ ಅಂದರೆ, ಕುಡಿದೇಬಿಡುತ್ತಾನೇನೋ ಅಂತ ನಮಗೂ ಹೊಟ್ಟೆ ತೊಳಸುತ್ತದೆ.

ಫೋನಿನ ಯಂತ್ರದಲ್ಲಿ ಕೇಳುವ ರಿಚರ್ಡ್‌ನ ದನಿ ಟಾಮ್ ಸೆಲೆಕ್ ಅವರದು. ಹಿಂದಿನ ಸೀಸನ್‌ನಲ್ಲಿ ಆ ಪಾತ್ರ ಮಾಡಿದವರು ಅವರೇ. ಇಲ್ಲಿ ಮುಖ ತೋರಿಸೋದಿಲ್ಲ, ದನಿ ಮಾತ್ರ. ಖರ್ಚೂ ಉಳಿಯಿತು, ಆ ಮನೆಯೊಳಗೆ ಏಳನೆಯ ಮನುಷ್ಯನೂ ಬಂದ ಹಾಗಾಯಿತು. ನಿಮ್ಮ ನಾಟಕಕ್ಕೂ ಇದು ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಒಂದೇ ಜಾಗ, ಒಂದೇ ಹೊತ್ತು ಅನ್ನುವ ಈ ಪ್ರಯೋಗವನ್ನು ಐದು ವರ್ಷ ಮೊದಲೇ ಅಮೆರಿಕದ ಇನ್ನೊಂದು ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ ತಂಡ ಮಾಡಿತ್ತು. 1991ರ ಮೇ ತಿಂಗಳಲ್ಲಿ ಬಂದ ‘ದಿ ಚೈನೀಸ್ ರೆಸ್ಟೋರೆಂಟ್’ ಕಂತಿನಲ್ಲಿ ಮೂರು ಜನ ಹೋಟೆಲಿನಲ್ಲಿ ಟೇಬಲ್ ಸಿಗೋದಕ್ಕೆ ಕಾಯುತ್ತಾರೆ, ಅಷ್ಟೇ. ವಾಹಿನಿಯವರಿಗೆ ಅದು ಹಿಡಿಸಲಿಲ್ಲ. ಇದರಲ್ಲಿ ಕಥೆಯೇ ಇಲ್ಲವಲ್ಲ ಅಂದರು. ಧಾರಾವಾಹಿ ಹುಟ್ಟುಹಾಕಿದವರಲ್ಲಿ ಒಬ್ಬರಾದ ಲ್ಯಾರಿ ಡೇವಿಡ್ ಹಟ ಹಿಡಿದರು, ಕಂತು ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ದಿ ಪಾರ್ಕಿಂಗ್ ಗರಾಜ್’ ಬಂತು. ನಾಲ್ಕು ಜನ ತಮ್ಮ ಕಾರು ಎಲ್ಲಿ ನಿಲ್ಲಿಸಿದ್ದೇವೆ ಅಂತ ಹುಡುಕಿಕೊಂಡು ಅಲೆಯುವ ಕಥೆ. ಆ ನಾಲ್ವರಲ್ಲಿ ಒಬ್ಬರಾದ ನಟ ಮೈಕಲ್ ರಿಚರ್ಡ್ಸ್ ಅದರಲ್ಲಿ ಏರ್ ಕಂಡೀಷನರ್ ಡಬ್ಬ ಹೊತ್ತು ತಿರುಗುತ್ತಾರೆ. ಖಾಲಿ ಡಬ್ಬ ಬೇಡ, ಒಳಗೆ ನಿಜವಾದ ಯಂತ್ರವೇ ಇರಲಿ ಅಂತ ಅವರೇ ಕೇಳಿದರು. ಭಾರ ಸುಳ್ಳಾದರೆ ನಡಿಗೆ ಸುಳ್ಳಾಗುತ್ತದೆ ಅನ್ನೋದು ನಟನಿಗೆ ಗೊತ್ತು. ಕೊನೆಗೆ ಕಾರು ಸಿಗುತ್ತದೆ, ಕಥೆ ಪ್ರಕಾರ ಅದರಲ್ಲಿ ಹೊರಟು ಹೋಗಬೇಕು. ಶೂಟಿಂಗ್‌ನಲ್ಲಿ ಕಾರು ನಿಜವಾಗಿಯೇ ಸ್ಟಾರ್ಟ್ ಆಗಲಿಲ್ಲ. ಒಳಗೆ ಕೂತ ನಟರು ನಗು ತಡೆಯೋಕೆ ಒದ್ದಾಡಿದರು. ಬರೆದಿಟ್ಟ ಕೊನೆಗಿಂತ ಇದೇ ಚೆನ್ನಾಗಿದೆ ಅಂತ ಅದನ್ನೇ ಉಳಿಸಿಕೊಂಡರು.

ಇನ್ನು ನಗು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ತುಂಬಾ ಜನ ಇಲ್ಲಿ ತಪ್ಪು ತಿಳಿದಿದ್ದಾರೆ.

ಅಮೆರಿಕದ ಟಿವಿಯಲ್ಲಿ ಎರಡು ಥರದ ನಗು ಇತ್ತು. ಒಂದು, ಡಬ್ಬದ ನಗು. 1950ರ ದಶಕದಲ್ಲಿ ಚಾರ್ಲಿ ಡಗ್ಲಾಸ್ ಅನ್ನುವ ಸೌಂಡ್ ಎಂಜಿನಿಯರ್ ಅದಕ್ಕೆಂದೇ ಒಂದು ಯಂತ್ರ ಮಾಡಿದರು. ಟೈಪ್‌ರೈಟರ್ ಥರ ಕೀಲಿಗಳು, ಕಾಲ ಕೆಳಗೆ ಪೆಡಲ್. ಒಂದು ಕೀಲಿ ಒತ್ತಿದರೆ ಕಿಸಕ್ ಅನ್ನುವ ನಗು, ಇನ್ನೊಂದು ಒತ್ತಿದರೆ ಗೊಳ್ ಅನ್ನುವ ನಗು. ಪೆಡಲಿನಿಂದ ಜಾಸ್ತಿ ಕಮ್ಮಿ ಮಾಡಬಹುದು. ಲೆಗ್ ಹಾರ್ಮೋನಿಯಂ ನುಡಿಸುವ ಮೇಷ್ಟ್ರನ್ನು ನೆನೆಸಿಕೊಂಡರೆ ನಿಮಗೆ ಚಿತ್ರ ಸಿಗುತ್ತದೆ. ಪ್ರೇಕ್ಷಕರಿಲ್ಲದೆ ತೆಗೆದ ಎಷ್ಟೋ ಧಾರಾವಾಹಿಗಳಿಗೆ ಆ ಯಂತ್ರವೇ ನಕ್ಕಿತು.

ಇನ್ನೊಂದು, ಎದುರಿಗೆ ಕೂತ ಜನರ ನಗು. ಇದಕ್ಕೆ ದಾರಿ ಹಾಕಿಕೊಟ್ಟದ್ದು 1951ರಲ್ಲಿ ಶುರುವಾದ ‘ಐ ಲವ್ ಲೂಸಿ’. ನಾಟಕದ ಹಾಗೆ ಜನರನ್ನು ಕೂರಿಸಿ, ಮೂರು ಫಿಲಂ ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ ಚಿತ್ರೀಕರಿಸಿದರು. ಕಷ್ಟ ಇದ್ದದ್ದು ಬೆಳಕಿನಲ್ಲಿ. ಒಂದು ಕ್ಯಾಮೆರಾಗೆ ಹೊಂದಿಸಿದ ಲೈಟು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಕಾರ್ಲ್ ಫ್ರಾಯಂಡ್ ಅನ್ನುವ ಹಿರಿಯ ಛಾಯಾಗ್ರಾಹಕರು ಹೆಚ್ಚಿನ ಲೈಟುಗಳನ್ನು ಮೇಲಿನಿಂದ ಸಮನಾಗಿ ಬೀಳುವ ಹಾಗೆ ಕಟ್ಟಿಸಿದರು. ಕೆಳಗೆ ಕ್ಯಾಮೆರಾಗಳಿಗೆ ಓಡಾಡೋಕೆ ನೆಲ ಖಾಲಿಯಾಯಿತು.

‘ಫ್ರೆಂಡ್ಸ್’ ಈ ಎರಡನೇ ದಾರಿಯಲ್ಲಿ ಬಂದದ್ದು. ಬರ್‌ಬ್ಯಾಂಕ್‌ನ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ ಸುಮಾರು 300 ಜನರ ಮುಂದೆ ಆಡುತ್ತಿದ್ದರು. ಟಿವಿಯಲ್ಲಿ 22 ನಿಮಿಷ ಬರುವ ಕಂತಿಗೆ ಆ ಜನ ಐದಾರು ಗಂಟೆ ಕೂರುತ್ತಿದ್ದರು. ಒಂದು ಮಾತಿಗೆ ನಗು ಬರಲಿಲ್ಲ ಅಂದರೆ ಬರಹಗಾರರು ಅಲ್ಲೇ ಗುಂಪು ಸೇರಿ ಬೇರೆ ಮಾತು ಬರೆಯುತ್ತಿದ್ದರು. ನಟರು ಅದನ್ನು ನಿಂತಲ್ಲೇ ಕಲಿತು ಮುಂದಿನ ಟೇಕ್‌ನಲ್ಲಿ ಹೇಳುತ್ತಿದ್ದರು. ಪ್ರಸಾರಕ್ಕೆ ಹೋಗುವಾಗ ನಗುವಿಗೂ ಕತ್ತರಿ ಬೀಳುತ್ತಿತ್ತು. ಜನ ತುಂಬಾ ಹೊತ್ತು ನಕ್ಕರೆ 22 ನಿಮಿಷದಲ್ಲಿ ಹಿಡಿಸೋದಿಲ್ಲ, ಅಲ್ವಾ? ಎಡಿಟಿಂಗ್ ಮಾಡಿದವನಾಗಿ ಹೇಳುತ್ತೇನೆ, ನಿಜವಾದ ನಗುವನ್ನು ಕತ್ತರಿಸೋದು ಬಹಳ ನಾಜೂಕಿನ ಕೆಲಸ. ಒಂದು ಚಿಟಿಕೆ ಜಾಸ್ತಿ ಕತ್ತರಿಸಿದರೂ ನಟ ಸುಮ್ಮನೆ ಗಾಬರಿಬಿದ್ದ ಹಾಗೆ ಕಾಣುತ್ತಾನೆ.

ಜನರ ನಗು ಕಥೆಯನ್ನೇ ತಿರುಗಿಸಿದ ಉದಾಹರಣೆ ಇದೆ. ನಾಲ್ಕನೇ ಸೀಸನ್ ಕೊನೆಯ ಕಂತುಗಳನ್ನು ಲಂಡನ್‌ನಲ್ಲಿ ತೆಗೆದರು. ಮೋನಿಕಾ ಮತ್ತು ಚಾಂಡ್ಲರ್ ಒಂದೇ ಹೊದಿಕೆಯಡಿ ಇದ್ದಾರೆ ಅಂತ ಗೊತ್ತಾಗುವ ಗಳಿಗೆ ಅದರಲ್ಲಿದೆ. ಪ್ರೇಕ್ಷಕರು ಸುಮಾರು ಅರ್ಧ ನಿಮಿಷ ಕಿರುಚಿದರು, ನಕ್ಕರು, ಚಪ್ಪಾಳೆ ಹೊಡೆದರು. ನಟರು ಅಲ್ಲಾಡದೆ ಕಾಯಬೇಕಾಯಿತು. ಆ ಜೋಡಿಯನ್ನು ಸ್ವಲ್ಪ ದಿನದ ಮಾತಾಗಿ ಮುಗಿಸುವ ಯೋಚನೆ ಬರಹಗಾರರಿಗಿತ್ತು. ಆ ಸದ್ದು ಕೇಳಿದ ಮೇಲೆ ಬಿಡಲಿಲ್ಲ. ಮುಂದೆ ಇಬ್ಬರಿಗೂ ಮದುವೆಯೇ ಆಯಿತು.

ಇದನ್ನು ಓದುವಾಗ ನನಗೆ ಗುಬ್ಬಿ ನೆನಪಾಗುತ್ತದೆ. ನಿಮ್ಮ ಊರಿನಿಂದ ತುಮಕೂರಿಗೆ ಬರುವ ದಾರಿಯಲ್ಲೇ ಇದೆ. ಅಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ ಊರೂರು ತಿರುಗಿ ದಶಕಗಳ ಕಾಲ ಆಡಿತು. ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರು ದೊಡ್ಡ ಹಾಸ್ಯ ನಟರು. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಕಂಪನಿ ನಾಟಕದಲ್ಲಿ ಪ್ರೇಕ್ಷಕ ಸುಮ್ನೆ ಕೂರುವವನಲ್ಲ. ಹಾಡು ಹಿಡಿಸಿದರೆ ವನ್ಸ್ ಮೋರ್ ಅಂತ ಕೂಗುತ್ತಾನೆ. ಹಾಸ್ಯಗಾರ ಆ ಊರಿನ ಸಂತೆ, ಕೆರೆ, ಮಳೆಯ ಮಾತು ಸೇರಿಸಿ ಮಾತು ಬೆಳೆಸುತ್ತಾನೆ. ನಗು ಬಂದರೆ ಇನ್ನೊಂದು ಎಳೆ ಎಳೆಯುತ್ತಾನೆ, ಬರಲಿಲ್ಲ ಅಂದರೆ ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತಾನೆ. ನಿಮ್ಮ ತಿಪಟೂರಿನವರೇ ಆದ ನರಸಿಂಹರಾಜು ಅವರೂ ಸಿನಿಮಾಕ್ಕೆ ಮೊದಲು ನಾಟಕ ಕಂಪನಿಗಳಲ್ಲಿ ಪಳಗಿದವರು. 1954ರ ‘ಬೇಡರ ಕಣ್ಣಪ್ಪ’ದಿಂದ ಅವರು ಪರದೆಗೆ ಬಂದರು. ಪರದೆಯ ಮೇಲೆ ಅವರು ಒಂದು ಮಾತು ಹೇಳಿ ಚೂರು ನಿಲ್ಲುವುದನ್ನು ನೋಡಿ. ಎದುರಿಗೆ ಜನ ಇಲ್ಲದಿದ್ದರೂ ನಗು ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಆ ಕಿವಿಗೆ ಗೊತ್ತಿತ್ತು ಅನಿಸುತ್ತದೆ.

ಬರ್‌ಬ್ಯಾಂಕ್‌ನ ಆ 300 ಜನರೂ ಇದೇ ಕೆಲಸ ಮಾಡಿದರು. ಅವರು ಪಕ್ಕದಲ್ಲಿ ಕೂತ ನೋಡುಗರಲ್ಲ, ನಾಟಕದ ಒಂದು ಪಾತ್ರ. ನೀವು ಆ ಕಂತಿಗೆ ಅಷ್ಟು ಒಲಿದಿರೋದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ನಂಬಿಕೆ. ಒಂದೇ ಕೋಣೆ, ಓಡುವ ಗಡಿಯಾರ, ಎದುರಿಗೆ ಜನ. ಇದು ಟಿವಿಯ ರೂಪದಲ್ಲಿರುವ ನಾಟಕ. ನಮ್ಮ ಕನ್ನಡದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಯಂಥ ಹಾಸ್ಯ ಧಾರಾವಾಹಿಗಳೂ ಹೆಚ್ಚಾಗಿ ಮನೆಯೊಳಗಿನ ಕಥೆಗಳೇ. ನಟರೂ ರಂಗಭೂಮಿಯಿಂದ ಬಂದವರೇ ಜಾಸ್ತಿ. ಆದರೆ ಜನರನ್ನು ಎದುರಿಗೆ ಕೂರಿಸಿ ಧಾರಾವಾಹಿ ತೆಗೆಯುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ನಗು, ಸದ್ದು ಎಲ್ಲ ಎಡಿಟಿಂಗ್‌ನಲ್ಲಿ ಸೇರುತ್ತಿತ್ತು. ಇಂಥ ಒಳ್ಳೆಯ ನಟರಿಗೆ ಎದುರಿಗೆ ಮುನ್ನೂರು ಜನ ಸಿಕ್ಕಿದ್ದರೆ ಅಂತ ನನಗೆ ಇವತ್ತಿಗೂ ಕೊರಗು ಇದೆ.

ನಿಮ್ಮ ನಾಟಕಕ್ಕೆ ಬರೋಣ. ಮೊದಲು ಹೊರಡುವ ಹೊತ್ತು ಗೊತ್ತು ಮಾಡಿಕೊಳ್ಳಿ. ಮ್ಯೂಸಿಯಂ ಬೇಡ, ನಿಮ್ಮದೇ ಏನಾದರೂ ಇರಲಿ. ತಿಪಟೂರು ಸ್ಟೇಷನ್‌ಗೆ ರೈಲು ಬರೋಕೆ ಅರ್ಧ ಗಂಟೆ ಇದೆ, ಮನೆಯವರೆಲ್ಲ ನಿಶ್ಚಿತಾರ್ಥಕ್ಕೆ ಹೊರಡಬೇಕು ಅಂದುಕೊಳ್ಳಿ. ಮಾವ ಒಬ್ಬರು ಕುರ್ಚಿ ಬಿಟ್ಟು ಏಳುತ್ತಿಲ್ಲ. ಕೊಬ್ಬರಿ ರೇಟು ಕೇಳೋಕೆ ಮಂಡಿಗೆ ಫೋನ್ ಹಚ್ಚಿದ್ದಾರೆ, ಆ ಕಡೆಯವರು ಲೈನಲ್ಲಿ ಇರಿ ಅಂದಿದ್ದಾರೆ. ಮಂಡಿಯವನ ದನಿಯನ್ನು ಸ್ಪೀಕರ್‌ನಲ್ಲಿ ಕೇಳಿಸಿದರೆ ಸಾಕು, ಟಾಮ್ ಸೆಲೆಕ್ ಥರ ಅವನು ಕಾಣಬೇಕಾಗಿಲ್ಲ. ಗೋಡೆಗೆ ಎಲ್ಲರಿಗೂ ಕಾಣುವ ದೊಡ್ಡ ಗಡಿಯಾರ ಹಾಕಿ, ಅದು ನಿಜವಾಗಿ ಓಡಲಿ. ನಾಟಕ ಅರ್ಧ ಗಂಟೆ ಅಂದರೆ ಮುಳ್ಳೂ ಅರ್ಧ ಗಂಟೆಯೇ ಸರಿಯಬೇಕು. ಪ್ರೇಕ್ಷಕರು ಐದು ನಿಮಿಷದಲ್ಲಿ ಅದನ್ನು ಪತ್ತೆ ಹಚ್ಚುತ್ತಾರೆ. ಆಮೇಲೆ ಅವರ ಕಣ್ಣು ಅಲ್ಲಿಂದ ಕದಲೋದಿಲ್ಲ.

ಆರು ಪಾತ್ರಕ್ಕಿಂತ ಜಾಸ್ತಿ ಬೇಡ. ಒಬ್ಬೊಬ್ಬರಿಗೂ ಒಂದು ಸಣ್ಣ ಅಡಚಣೆ ಕೊಡಿ. ಅದು ಅವರಿಗೆ ಜೀವನ್ಮರಣದ ಪ್ರಶ್ನೆ ಆಗಿರಬೇಕು. ನಗಿಸೋಕೆ ಅಂತ ಯಾರೂ ಮುಖ ಕಿವುಚಬೇಡಿ. ಮೂರನೇ ಒಂದು ಭಾಗ ಕಳೆದ ಮೇಲೆ ಒಂದು ಅಡಚಣೆ ಇನ್ನೊಂದಕ್ಕೆ ಡಿಕ್ಕಿ ಹೊಡೆಯಲಿ. ಎಲ್ಲಾದರೂ ಒಂದು ಕಡೆ ನಗು ಪೂರ್ತಿ ನಿಲ್ಲಲಿ. ರಾಸ್, ರೇಚಲ್ ಇಬ್ಬರ ನಡುವೆ ಬರುವ ಆ ಮೌನದ ಹಾಗೆ.

ತಾಲೀಮಿಗೆ ಜನರನ್ನು ಕರೆಯಿರಿ. ಹಾಸ್ಟೆಲಿನ ಹತ್ತು ಹುಡುಗರು ಸಾಕು. ಸ್ಕ್ರಿಪ್ಟ್ ಕೊಡಬೇಡಿ, ಸುಮ್ನೆ ಕೂರಿಸಿ. ಒಬ್ಬರು ಪೆನ್ನು ಹಿಡಿದು ಎಲ್ಲಿ ನಗು ಬಂತು, ಎಲ್ಲಿ ಕೆಮ್ಮಿದರು ಅಂತ ಗುರುತು ಹಾಕಲಿ. ಕೆಮ್ಮಿದ ಜಾಗದ ಮಾತು ತೆಗೆದುಹಾಕಿ, ಎಷ್ಟೇ ಪ್ರೀತಿಯಿಂದ ಬರೆದಿದ್ದರೂ ಸರಿ. ನಗು ಬಂದ ಜಾಗದಲ್ಲಿ ಮುಂದಿನ ಮಾತಿಗೆ ಅವಸರ ಮಾಡಬೇಡಿ. ನಗು ಏರಿ, ಇಳಿಯೋಕೆ ಶುರುವಾದಾಗ ಬಾಯಿ ತೆರೆಯಿರಿ. ಪೂರ್ತಿ ಇಳಿಯುವವರೆಗೆ ಕಾದರೆ ಬಿಸಿ ಆರಿಹೋಗುತ್ತದೆ.

ಹಾರುವ ದೃಶ್ಯ ಇಡಲೇಬೇಕು ಅಂದರೆ ನನ್ನ ಮಾತು ಕೇಳಿ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾನು ತಾಲೀಮು ನಡೆಸುತ್ತಿದ್ದಾಗ ಹುಡುಗನೊಬ್ಬ ಬೆಂಚು ಹಾರಿ ಬಿದ್ದ. ಮಣಿಕಟ್ಟಿನ ಮೂಳೆ ಮುರಿಯಿತು. ಅವನೂ ಮೊದಲು ನಾಲ್ಕೈದು ಸಲ ಸರಿಯಾಗಿಯೇ ಹಾರಿದ್ದ. ದಣಿದ ಮೇಲೆ ಇನ್ನೊಂದೇ ಸಲ ಅಂತ ನಾವೆಲ್ಲ ಹುರಿದುಂಬಿಸಿದೆವು, ಆಗ ಬಿದ್ದ. ಆಸ್ಪತ್ರೆ ಬಾಗಿಲಲ್ಲಿ ಅವನ ಅಮ್ಮನ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ನನ್ನ ತಾಲೀಮಿನಲ್ಲಿ ಹಾರುವ ದೃಶ್ಯ ದಿನಕ್ಕೆ ಎರಡು ಸಲ ಮಾತ್ರ, ಅದೂ ಮೊದಲಲ್ಲೇ. ಕುರ್ಚಿಯ ಕಾಲುಗಳಿಗೆ ರಬ್ಬರ್ ಹಾಕಿಸಿ. ಕೆಳಗೆ ಜಮಖಾನ ಹಾಸಿದರೆ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಅದು ಜಾರುತ್ತದೆ. ಟೇಬಲ್ ಹಾರಬೇಡಿ, ಸುತ್ತಿಕೊಂಡು ಓಡಿ. ಲೆಬ್ಲಾಂಕ್ ಬಿದ್ದ ದೃಶ್ಯವನ್ನೂ ಆಮೇಲೆ ಹಾರದೆಯೇ ಮುಗಿಸಿದರು. ನಗು ಕಮ್ಮಿಯಾಗಲಿಲ್ಲ.

ಕೊನೆಗೆ ಆ ಬಾಗಿಲು. ಮೋನಿಕಾ ಮನೆಯ ನೇರಳೆ ಬಾಗಿಲಿನ ಇಣುಕು ಕಿಂಡಿಯ ಸುತ್ತ ಇರುವ ಹಳದಿ ಚೌಕಟ್ಟು ಮೊದಲು ಒಂದು ಕನ್ನಡಿಯದು. ಸೆಟ್ ಹಾಕುವಾಗ ಕೆಲಸದವರ ಕೈತಪ್ಪಿ ಕನ್ನಡಿ ಒಡೆಯಿತಂತೆ. ಬರೀ ಚೌಕಟ್ಟನ್ನು ಬಾಗಿಲಿಗೆ ಹಿಡಿದು ನೋಡಿದರು, ಚೆನ್ನಾಗಿ ಕಂಡಿತು, ಅಲ್ಲೇ ಬಿಟ್ಟರು. ಹತ್ತು ಸೀಸನ್, 236 ಕಂತು ಅದು ಅಲ್ಲೇ ಇತ್ತು. 2004ರ ಕೊನೆಯ ಕಂತಿನಲ್ಲಿ ಎಲ್ಲರೂ ಮನೆ ಖಾಲಿ ಮಾಡಿ ಹೊರಟ ಮೇಲೆ ಕ್ಯಾಮೆರಾ ಬರಿದಾದ ಕೋಣೆಯನ್ನು ನಿಧಾನವಾಗಿ ಸುತ್ತುತ್ತದೆ. ಸುತ್ತಿ ಬಂದು ಆ ಚೌಕಟ್ಟಿನ ಮೇಲೆ ನಿಲ್ಲುತ್ತದೆ.